ಬಾಯಿ ಬಿಟ್ಟ ಆರನೇ ಮೂಲೆ

ಐದು ಮೂಲೆಗಳು ಕಚ್ಚಿ ಕೂತವು. ಆರನೆಯದು ಬಾಯಿ ಬಿಟ್ಟಿತು.

ಸಣ್ಣಪುಟ್ಟ ಬಾಯಲ್ಲ, ನಾಣ್ಯ ತೂರಿಸಬಹುದಾದಷ್ಟು. ಭಾನುವಾರ ಬೆಳಿಗ್ಗೆ, ಸೊರಬದಲ್ಲಿ ನಮ್ಮ ಗಿರಿಜಕ್ಕನ ಮನೆ ಹಿಂದಿನ ಶೆಡ್ಡು. ನೆಲದ ಮೇಲೆ ಸಾಗವಾನಿಯ ಆರು ಮೂಲೆಯ ಕನ್ನಡಿ ಫ್ರೇಮು. ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತ ಅಕ್ಕ. ಅಕ್ಕನ ಹಿಂದೆ, ತಿಂಡಿ ತಿನ್ನೋಕೆ ಅಂತಲೇ ಶಿಕಾರಿಪುರದಿಂದ ಬಸ್ಸು ಹತ್ತಿ ಬಂದ ನಾನು. (ತಿಂಡಿ ಇನ್ನೂ ಆಗಿರಲಿಲ್ಲ. ಗಮನದಲ್ಲಿರಲಿ.)

ಗಿರಿಜಕ್ಕನನ್ನು ನಿಮಗೆ ಪರಿಚಯ ಮಾಡಿಸಬೇಕು. ವರ್ಷಾನುಗಟ್ಟಲೆ ಹೊಲಿಗೆ ಅಂಗಡಿ ನಡೆಸಿದವಳು. ಮಂಡಿ ನೋವು ಬಂದು ಹೊಲಿಗೆ ಮೆಷಿನ್ ತುಳಿಯೋದು ಕಷ್ಟವಾದಾಗ ಅಂಗಡಿ ಮುಚ್ಚಿದಳು. ಇನ್ನು ಸೀರಿಯಲ್ ನೋಡಿಕೊಂಡು ಇರ್ತಾಳೆ ಅಂದುಕೊಂಡೆವು. ಮರ ಕುಯ್ಯುವ ಟೇಬಲ್ ಮೆಷಿನ್ ತರಿಸಿದಳು! ಕಬ್ಬಿಣದ ಮೇಜು, ನಡುವಿನಿಂದ ತಲೆ ಎತ್ತಿದ ಗರಗಸದ ಚಕ್ರ. ಆನ್ ಮಾಡಿದರೆ ಇಡೀ ಕೇರಿಗೆ ಗೊತ್ತಾಗುತ್ತದೆ. ನೆಂಟರೆಲ್ಲ ಬಾಯಿ ಮೇಲೆ ಬೆರಳಿಟ್ಟರು. ಅಕ್ಕ ಕ್ಯಾರೇ ಅನ್ನಲಿಲ್ಲ.

ಈ ಫ್ರೇಮು ಶಾಹೀನಾಗಾಗಿ. ಅಕ್ಕನ ಹತ್ತಿರ ಹೊಲಿಗೆ ಕಲಿತ ಹುಡುಗಿ, ಈಗ ಶಿರಾಳಕೊಪ್ಪದಲ್ಲಿ ಸ್ವಂತ ಬ್ಯೂಟಿ ಪಾರ್ಲರ್ ತೆಗೆಯುತ್ತಿದ್ದಾಳೆ. ಓಪನಿಂಗು ಬರುವ ಶುಕ್ರವಾರ. ಅಂಗಡಿಯಲ್ಲಿ ರೆಡಿಮೇಡ್ ಕನ್ನಡಿ ಸಿಗುತ್ತಿತ್ತು, "ನಂಗೆ ಅಕ್ಕ ಮಾಡಿದ್ದೇ ಬೇಕು" ಅಂತ ಹಟ ಹಿಡಿದಿದ್ದಳು. ಆರು ಮೂಲೆಯ ಗಾಜು ಆಗಲೇ ಕುಯ್ಸಿ ಆಗಿದೆ. ಗೋಡೆ ಮೇಲೆ ಅದೇ ಆಕಾರದಲ್ಲಿ ಬಣ್ಣವೂ ಆಗಿದೆ. ಬಾಕಿ ಇರುವುದು ಅಕ್ಕ ಕೊಟ್ಟ ಮಾತು ಮಾತ್ರ. ಸಾಗವಾನಿಯೋ, ಹಳೇ ಬಾಗಿಲಿನದು. ಉಳಿದಿರುವುದು ಇನ್ನೊಂದೇ ಫ್ರೇಮಿಗೆ.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಅಂಕಣ ಬರೆಯೋ ಕೆಲಸ ಯಾಕೆ ಬೇಕಿತ್ತು?

"ಅಕ್ಕಾ, ಆ ಮೂಲೆಗೆ ಒಂಚೂರು ಪುಟ್ಟಿ ತುಂಬಿಬಿಡು. ಪಾಲಿಶ್ ಹೊಡದ್ ಮೇಲೆ ಯಾರಿಗ್ ಗೊತ್ತಾಕ್ಕತಿ?"

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಭಾವನೂ ದನಿಗೂಡಿಸಿದರು. "ಮರದ ಹೊಟ್ಟಿಗೆ ಗಮ್ ಕಲಸಿ ಮೆತ್ತಿರೂ ಆಗ್ತದೆ ಮಾರಾಯ್ತಿ. ಎಲ್ಲರೂ ಹಂಗೇ ಮಾಡೋದು."

ಅಕ್ಕ ತಿರುಗಿ ನೋಡಿದಳು. ಆ ನೋಟ ನನಗೆ ಚಿಕ್ಕಂದಿನಿಂದ ಗೊತ್ತು.

"ಗಾಜು ಅಡ್ಜಸ್ಟ್ ಮಾಡ್ಕಳಲ್ಲ ಕಣೋ, ನಿಮ್ಮಂಗೆ" ಅಂದಳು. "ಅಲ್ಲ, ಎಲ್ಲರೂ ಆ ಆರನೇ ಮೂಲೆಗೇ ಯಾಕೆ ಬೈತೀರಿ? ಅದು ಪಾಪ ಏನು ಮಾಡ್ತು? ಆರಕ್ಕೂ ಒಂದೇ ತಪ್ಪು. ಎಲ್ಲ ಚೂರು ಚೂರೇ ತಪ್ಪಿದಾವೆ. ಕೊನೆಗೆ ಬಂತಲ್ಲ, ಅದರ ತಲೆ ಮೇಲೆ ಎಲ್ಲಾ ಬಂದು ಕೂತ್ಕಂಡ್ತು."

ಅಲ್ಲ, ಎಂಥ ಮಾತಿದು!

ಆಮೇಲೆ ಅವಳು ಮಾಡಿದ್ದನ್ನು ಹೇಳಲೇಬೇಕು. ಮೊದಲು ಪ್ಲಗ್ ಕಿತ್ತಳು. ಆ ಮೇಜಿನ ಮೇಲೆ ಉದ್ದಕ್ಕೆ ಒಂದು ಜಾಡು ಇರುತ್ತದೆ. ಜಾಡಿನಲ್ಲಿ ಕಬ್ಬಿಣದ ಪಟ್ಟಿಯೊಂದು ಹಿಂದೆ ಮುಂದೆ ಜಾರುತ್ತದೆ. ಪಟ್ಟಿಯ ತಲೆ ಮೇಲೆ ನಮ್ಮ ಸ್ಕೂಲಿನ ಕೋನಮಾಪಕದಂಥ ಅರ್ಧಚಂದ್ರ. ಇದಕ್ಕೆ ಮೈಟರ್ ಗೇಜ್ ಅಂತಾರಂತೆ. ಯಾವ ಕೋನ ಬೇಕೋ ಅಲ್ಲಿಗೆ ತಿರುಗಿಸಿ, ಮರವನ್ನು ಅದಕ್ಕೆ ಒರಗಿಸಿ ತಳ್ಳಿದರೆ ಚಕ್ರ ಆ ಕೋನಕ್ಕೇ ಕುಯ್ಯಬೇಕು. ಕುಯ್ಯಬೇಕು, ಅಷ್ಟೇ. ಕುಯ್ಯುತ್ತದೆ ಅಂತ ಯಾರು ಹೇಳಿದರು?

ಅಕ್ಕ ಗೇಜನ್ನು ಹಿಡಿದು ಅಲ್ಲಾಡಿಸಿದಳು. ಜಾಡಿನೊಳಗೆ ಲೊಟಲೊಟ ಅಂದಿತು. "ನೋಡು, ಇಲ್ಲೇ ಶುರು" ಅಂದವಳೇ, ಪಟ್ಟಿಯನ್ನು ಹೊರಗೆ ತೆಗೆದು ಅದರ ಪಕ್ಕೆಗೆ ಉಳಿಯಂಥ ಮೊನೆಯಿಟ್ಟು ಸುತ್ತಿಗೆಯಿಂದ ಅಲ್ಲಲ್ಲಿ ಚುಕ್ಕಿ ಹೊಡೆದಳು. ಚುಕ್ಕಿಯ ಸುತ್ತ ಕಬ್ಬಿಣ ಒಂದಿಷ್ಟೇ ಉಬ್ಬಿತು. ಮತ್ತೆ ಜಾಡಿಗೆ ಇಳಿಸಿದಾಗ ಅಲುಗಾಟ ಮಾಯ.

ಆಮೇಲೆ ಪ್ಲಗ್ ಹಾಕಿ, ಗೇಜಿನ ಮುಳ್ಳನ್ನು ಸೊನ್ನೆಗಿಟ್ಟು ಒಂದು ರದ್ದಿ ಮರದ ಪಟ್ಟಿಯನ್ನು ನೇರ ಎರಡು ತುಂಡು ಮಾಡಿದಳು. ಒಂದು ತುಂಡನ್ನು ಮಗುಚಿದಳು. ಎರಡನ್ನೂ ಒಂದು ನೇರ ಹಲಗೆಗೆ ಒರಗಿಸಿ, ಕುಯ್ದ ತುದಿಗಳನ್ನು ತಾಗಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಸಣ್ಣಗೆ ಬೆಳಕು ಸೀಳಿ ಬಂತು.

"ಮಗುಚದೆ ಇಟ್ರೆ ತಪ್ಪಿಗೆ ತಪ್ಪು ಸೇರಿ ಸರಿಯಾಗೇ ಕಾಣ್ತದೆ. ಒಂದನ್ನ ಮಗುಚು, ಇದ್ದ ತಪ್ಪು ಡಬಲ್ ಆಗಿ ಎದುರಿಗೆ ಬರ್ತದೆ. ಬಟ್ಟೆ ಕಟಿಂಗಲ್ಲೂ ನಾನು ಹಿಂಗೇ ನೋಡ್ತಿದ್ದೆ" ಅಂದಳು. ಗೇಜನ್ನು ಬೆರಳಲ್ಲಿ ಮುಟ್ಟಿದಳೋ ಇಲ್ಲವೋ ಅನ್ನುವಷ್ಟು ಸರಿಸಿ ಮತ್ತೆ ಕುಯ್ದಳು. ಮತ್ತೆ ಮಗುಚಿದಳು. ಬೆಳಕು ನಿಲ್ಲುವ ತನಕ ಬಿಡಲಿಲ್ಲ.

ಇಷ್ಟಾದ ಮೇಲಾದರೂ ಸಾಗವಾನಿ ಎತ್ತಿಕೊಂಡಳಾ? ಇಲ್ಲ! ಆರು ಮೂಲೆಗೆ ಗೇಜನ್ನು ಮೂವತ್ತು ಡಿಗ್ರಿಗೆ ಇಡಬೇಕು. ಇಟ್ಟಳು, ಆದರೆ ನಂಬಲಿಲ್ಲ. "ಇದ್ರ ಮೇಲೆ ನಂಬರು ಅಚ್ಚು ಹಾಕಿದೋನಿಗೆ ಅವತ್ತು ನಿದ್ದೆ ಬಂದಿತ್ತೋ ಏನೋ" ಅಂತ ಗೊಣಗಿ, ಪ್ಲೈವುಡ್ಡಿನ ಆರು ಪುಟ್ಟ ತುಂಡು ಕುಯ್ದು ಟೇಪು ಸುತ್ತಿ ಉಂಗುರ ಮಾಡಿದಳು. ಕೊನೆಯ ಸಂದು ಹೊರಗಡೆ ಬಿಟ್ಟುಕೊಂಡಿತ್ತು. "ಹೊರಗೆ ಬಿಟ್ರೆ ಕೋನ ಕಮ್ಮಿ, ಒಳಗೆ ಬಿಟ್ರೆ ಜಾಸ್ತಿ." ಮತ್ತೆ ಕೂದಲೆಳೆಯಷ್ಟು ಸರಿಸು, ಮತ್ತೆ ಆರು ತುಂಡು. ಭಾವ ತಿಂಡಿಗೆ ಕರೆದರು. ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ ಅಂದರೆ ನಂಬಿ.

ಕೊನೆಗೂ ಉಂಗುರ ಮುಚ್ಚಿಕೊಂಡಿತು. ಆಮೇಲೆ ಅಕ್ಕ ಸಾಗವಾನಿ ಎತ್ತಿಕೊಂಡಳು. ಆರು ತುಂಡು ಕುಯ್ದು ಜೋಡಿಸತೊಡಗಿದಳು. ಒಂದೊಂದೇ ಮೂಲೆ ಕೂತಿತು. ಆರನೆಯದನ್ನು ಜೋಡಿಸುವಾಗ ಭಾವ ಕೂಡ ಕಾಫಿ ಲೋಟ ಕೆಳಗಿಟ್ಟರು. ಟಕ್ ಅಂತ ಒಂದು ಸದ್ದು. ಅಷ್ಟೇ. ಏನು ಹೆಂಗಸಪ್ಪಾ ಇವಳು ಅಂತ ನನಗೆ ಹೆಮ್ಮೆಯೋ ಹೆಮ್ಮೆ.

ವಾಪಸ್ ಬರುವ ಬಸ್ಸಿನಲ್ಲಿ ಅಕ್ಕನ ಮಾತೇ ತಲೆಯಲ್ಲಿ. ಮದುವೆ ಮನೆಯ ಕೊನೇ ಪಂಕ್ತಿ ನೆನಪಾಯಿತು. ಪಾಯಸ ಮುಗಿದಿರುತ್ತದೆ. ಕರೆದವರು ಲೆಕ್ಕ ತಪ್ಪಿದ್ದಾರೆ, ಅಡುಗೆಯವರು ಹಾಲು ಕಮ್ಮಿ ಹಾಕಿದ್ದಾರೆ, ಮೊದಲ ಪಂಕ್ತಿಯವರು (ನಾನೇ ಸ್ವಾಮಿ) ಇನ್ನೊಂದು ಸೌಟು ಹಾಕಿಸಿಕೊಂಡಿದ್ದಾರೆ. ಬೈಸಿಕೊಳ್ಳೋದು ಯಾರು? ಖಾಲಿ ಪಾತ್ರೆ ಹಿಡಿದು ನಿಂತ ಬಡಿಸುವವನು!

ಶುಕ್ರವಾರ ಶಿರಾಳಕೊಪ್ಪಕ್ಕೆ ಹೋದೆ. ಗೋಡೆಯ ಮೇಲೆ ಕನ್ನಡಿ ಲಕಲಕ. ಶಾಹೀನಾ ಒಂದೊಂದು ಮೂಲೆಯನ್ನೂ ಬೆರಳಲ್ಲಿ ಸವರಿ, "ಎಲ್ಲೂ ತಡೀತಾನೇ ಇಲ್ಲ ನೋಡ್ರೀ ಅಣ್ಣ!" ಅಂದಳು. ಮಾತಾಡುತ್ತಲೇ ಅಕ್ಕನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಓಪನಿಂಗಿಗೆ ಅಂತ ಮಾಡಿಕೊಂಡಿದ್ದ ಮೇಕಪ್ಪೆಲ್ಲ ಅಕ್ಕನ ಭುಜಕ್ಕಂಟಿತು.

ನಾನು ಅಕ್ಕನ ಕಿವಿಯಲ್ಲಿ ಕೇಳಿದೆ. "ಇದ್ರಾಗೆ ಕೊನೆಗೆ ಕೂರಿಸಿದ ಆರನೇದು ಯಾವುದು?"

ಅಕ್ಕ ಕನ್ನಡಕ ಏರಿಸಿ ಆರೂ ಮೂಲೆ ನೋಡಿದಳು. ಇನ್ನೊಂದು ಸುತ್ತು ನೋಡಿದಳು. "ಗೊತ್ತಾಗ್ತಾ ಇಲ್ಲ ಮಾರಾಯ" ಅಂತ ನಕ್ಕಳು.

ಇರಲಿ, ಮೊನ್ನೆ ನೀವು ಯಾರಿಗೋ ಚೆನ್ನಾಗಿ ಬೈದು ಬಂದಿರಲ್ಲ, ಅವರು ಎಷ್ಟನೇ ಮೂಲೆ?