ಎಪ್ಪತ್ತೈದು ಕುದುರೆ ಮತ್ತು ಒಂದು ಜಾಲಿ ತುಂಡು

ಹಿಂದಿನಿಂದ ಯಾರಾದರೂ ಹಾರ್ನು ಹಾಕಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹಾರ್ನು ಹಾಕಿದವನಿಗೆ ಅವಸರವಿರಬಹುದು, ಅವನ ಮನೆಯಲ್ಲಿ ಯಾರಿಗೋ ಮೈಯಲ್ಲಿ ಆರಾಮಿಲ್ಲದಿರಬಹುದು, ಎಲ್ಲ ಗೊತ್ತು. ಗೊತ್ತಿದ್ದೂ ಉರಿಯುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ನನ್ನ ಹೆಂಡತಿ ವಸುಧಾ ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದಾಳೆ. ಅದನ್ನು ಕೇಳಿದಾಗಲೂ ಉರಿಯುತ್ತದೆ. ಈ ಸಿಟ್ಟಿನಲ್ಲಿ ನಾನೊಂದು ಎಂಜಿನ್ನು ಸುಟ್ಟೆ, ಅದರ ಜೊತೆಗೆ ಒಬ್ಬ ಮನುಷ್ಯನ ಹೆಸರನ್ನೂ ಸುಟ್ಟೆ. ಎಂಜಿನ್ನಿನ ಕಥೆಯನ್ನು ನಗುತ್ತ ಹೇಳಬಲ್ಲೆ. ಇನ್ನೊಂದನ್ನು ಹೇಳುವಾಗ ನನ್ನ ದನಿ ಏರಿದರೆ ನೀವು ಸಹಿಸಿಕೊಳ್ಳಬೇಕು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಇಂಡಿ ಎಂಬ ತಾಲೂಕು ಊರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ನನ್ನ ಬಳಿ ಸೋದರಮಾವನಿಂದ ಬಂದ ಒಂದು ಹಳೆಯ ಬಿಳಿ ಕಾರಿತ್ತು. ಗುಂಡು ಮೂತಿ, ಅಗಲ ಸೀಟು, ಐವತ್ತು ಕುದುರೆಯ ಎಂಜಿನ್ನು. ಐವತ್ತು ಎನ್ನುವುದು ಅದು ಹುಟ್ಟಿದಾಗಿನ ಲೆಕ್ಕ. ನನ್ನ ಕೈಗೆ ಬರುವ ಹೊತ್ತಿಗೆ ಅರ್ಧ ಕುದುರೆಗಳು ಸತ್ತು, ಉಳಿದವು ಮಲಗಿದ್ದವು. ಇಂಡಿಯಿಂದ ಝಳಕಿಗೆ ಹೋಗುವ ದಾರಿಯಲ್ಲಿ ನನ್ನನ್ನು ದಾಟದ ವಾಹನವಿರಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರ್ ಕೂಡ ಒಮ್ಮೆ ದಾಟಿತು. ಆ ದಿನ ಪಕ್ಕದಲ್ಲಿದ್ದ ವಸುಧಾ ಕಿಟಕಿಯಿಂದ ಕೈ ಚಾಚಿ, ಜೋತುಬಿದ್ದ ಒಂದು ಕಬ್ಬನ್ನು ಎಳೆದುಕೊಂಡಳು. ನಾವು ಎಷ್ಟು ನಿಧಾನ ಹೋಗುತ್ತಿದ್ದೆವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎಲ್ಲರಿಗಿಂತ ಹೆಚ್ಚು ಉರಿಸಿದವನು ಟೆಂಪೋ ಸಿದ್ದಪ್ಪ. ಇಂಡಿ–ಝಳಕಿ ನಡುವೆ ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದ. ನಮ್ಮ ಕಡೆ ಟೆಂಪೋದ ಹಿಂಬದಿಯಲ್ಲಿ ಜೋತುಬಿದ್ದ ಗಂಡಸರಿಗೆ ಒಂದು ಪದ್ಧತಿಯಿದೆ. ತಾವು ದಾಟಿದ ಗಾಡಿಯವನಿಗೆ ಹೆಗಲ ಮೇಲಿನ ಟಾವೆಲ್ ತೆಗೆದು ಬೀಸುತ್ತಾರೆ. ಅವರಲ್ಲಿ ನನ್ನ ವಿದ್ಯಾರ್ಥಿಗಳ ಅಪ್ಪಂದಿರೂ ಇರುತ್ತಿದ್ದರು. ಟಾವೆಲ್ ಬೀಸುತ್ತಲೇ "ನಮಸ್ಕಾರ್ರೀ ಸರ!" ಎನ್ನುತ್ತಿದ್ದರು. ಬೈಯಲೂ ಬಾರದು, ನಗಲೂ ಬಾರದು. ಒಂದು ದಿನ ನಾನು ನೇರವಾಗಿ ರಾಜೇಸಾಬನ ಶೆಡ್ಡಿಗೆ ಹೋದೆ.

ಸಿಂದಗಿ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ರಾಜೇಸಾಬ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಕೆಗೆ ಕಿವಿ ಇಟ್ಟು, ಒಳಗೆ ಏನಾಗಿದೆ ಎಂದು ಹೇಳುತ್ತಿದ್ದ. ಮುದ್ದೇಬಿಹಾಳ, ಬಸವನಬಾಗೇವಾಡಿಯಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಎಪ್ಪತ್ತೈದು ಕುದುರೆ ಬೇಕು ಎಂದೆ. ಅವನು ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದ.

"ಮಾಡಿ ಕೊಡತೇನ್ರಿ ಸರ. ಆದ್ರ ಅವು ದಿನಾ ಹೊಲಕ್ಕ ಹೋಗಿ ಬರೂ ಕುದುರಿ ಆಗಬೇಕು. ಮದುವಿ ಮೆರವಣಿಗಿ ಕುದುರಿ ಬೇಕಂದ್ರ ಬ್ಯಾರೆ ಕಡೆ ನೋಡ್ರಿ."

ಇಲ್ಲೊಂದು ಮಾತು ಹೇಳದಿದ್ದರೆ ನನ್ನೊಳಗಿನ ಮೇಷ್ಟರಿಗೆ ಸಮಾಧಾನವಿಲ್ಲ. ಅಶ್ವಶಕ್ತಿ ಎಂಬ ಅಳತೆಯನ್ನು ಮಾಡಿದವರು ಗಾಣದ ಕುದುರೆಗಳನ್ನು ನೋಡಿ ಲೆಕ್ಕ ಹಾಕಿದರಂತೆ, ಲೆಕ್ಕದಲ್ಲಿ ಕುದುರೆಯ ಕಡೆಗೆ ತುಸು ಧಾರಾಳವಾಗಿಯೇ ಇದ್ದರಂತೆ. ನಿಜವಾದ ಕುದುರೆ ದಿನವಿಡೀ ಅಷ್ಟು ಶಕ್ತಿ ಕೊಡಲಾರದು. ಒಂದು ಗಳಿಗೆ ಅದಕ್ಕಿಂತ ಹೆಚ್ಚು ಕೊಡಬಲ್ಲದು, ಆಮೇಲೆ ನಿಂತು ಏದುಸಿರು ಬಿಡುತ್ತದೆ. ಇದನ್ನು ಪ್ರತಿವರ್ಷ ತರಗತಿಯಲ್ಲಿ ಹೇಳಿ ನಗಿಸುತ್ತಿದ್ದ ನನಗೆ, ರಾಜೇಸಾಬ ಹೇಳಿದ್ದೂ ಅದನ್ನೇ ಎಂದು ಹೊಳೆಯಲಿಲ್ಲ. ಹೊಳೆಯದ್ದಕ್ಕೆ ಕಾರಣ ಸಿಟ್ಟು. ನನ್ನ ಕಣ್ಣ ಮುಂದೆ ಟಾವೆಲ್ಲುಗಳು ಹಾರಾಡುತ್ತಿದ್ದವು.

ಅವನು ಎಂಜಿನ್ನು ಕಟ್ಟಲು ಮೂರು ತಿಂಗಳು ತೆಗೆದುಕೊಂಡ. ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿದ, ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ತುಸು ಸವೆಸಿದ, ಗಾಳಿ ಹೋಗುವ ದಾರಿಗಳನ್ನು ಕೈಯಿಂದಲೇ ಉಜ್ಜಿ ನುಣುಪು ಮಾಡಿದ. ಇವು ಶಕ್ತಿಯ ಕೆಲಸ, ಇಪ್ಪತ್ತು ದಿನದಲ್ಲಿ ಮುಗಿದವು. ಉಳಿದ ದಿನಗಳೆಲ್ಲ ಬಾಳಿಕೆಯ ಕೆಲಸಕ್ಕೆ ಹೋದವು. ರೇಡಿಯೇಟರ್ ಬಿಚ್ಚಿ ಇನ್ನೊಂದು ಸಾಲು ಕೊಳವೆ ಕೂಡಿಸಿದ. ಆಯಿಲ್ ಪಂಪು ಬದಲಿಸಿದ. ನಾಲ್ಕು ಪಿಸ್ಟನ್ನುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪತ್ತಾರರ ಅಂಗಡಿಗೆ ಹೋಗಿ, ಬಂಗಾರ ತೂಗುವ ತಕ್ಕಡಿಯಲ್ಲಿ ಒಂದರೆದುರು ಒಂದನ್ನು ಇಟ್ಟು ತೂಗಿದ. ಒಂದು ಪಿಸ್ಟನ್ ಎರಡು ಗುಲಗಂಜಿಯಷ್ಟು ಹೆಚ್ಚು ಭಾರವಿತ್ತು. ಅದನ್ನು ಅರದಿಂದ ಉಜ್ಜುತ್ತ ಎರಡು ದಿನ ಕೂತ.

ನಾನು ದಿನಾ ಕಾಲೇಜು ಬಿಟ್ಟೊಡನೆ ಹೋಗಿ ಕೂಗಾಡುತ್ತಿದ್ದೆ. "ಎರಡು ಗುಲಗಂಜಿ ಯಾರಿಗೆ ಗೊತ್ತಾಗತೈತೋ ಮಾರಾಯಾ!"

"ಎಂಜಿನ್ನಿಗೆ ಗೊತ್ತಾಗತೈತ್ರಿ. ಕುದುರಿ ಹೆಚ್ಚ ಮಾಡೂದು ಸರಳ ಐತಿ. ಅವು ಒಂದಕ್ಕೊಂದು ಒದ್ಯಾಡಧಂಗ ನೋಡಿಕೊಳ್ಳೂದ ಕಠಿಣ."

ಕೊನೆಗೊಂದು ದಿನ ಕಾರು ಹೊರಬಂತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆವು. ಬೇರೆ ಊರವರು ಗಾಲಿಗೆ ಒಂದೊಂದು ಇಡುತ್ತಾರೆ. ಇಂಡಿಯಲ್ಲಿ ನಿಂಬೆಹಣ್ಣಿಗೆ ಕೊರತೆಯಿಲ್ಲ, ಗಾಲಿಗೆ ಐದೈದು ಇಟ್ಟೆವು. ನಾನು ಸೀಟಿನಲ್ಲಿ ಕೂತು ಆಕ್ಸಿಲರೇಟರ್ ತುಳಿದೆ. ಅದು ಅರ್ಧಕ್ಕೆ ನಿಂತಿತು. ಬಗ್ಗಿ ನೋಡಿದರೆ ಪೆಡಲಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಜಾಲಿ ಕಟ್ಟಿಗೆಯ ತುಂಡೊಂದನ್ನು ತಂತಿಯಿಂದ ಬಿಗಿಯಲಾಗಿತ್ತು.

"ಸಾವಿರ ಕಿಲೋಮೀಟರ್ ಆಗೂತನಕ ನಲವತ್ತರ ಮ್ಯಾಲ ಹೋಗಬ್ಯಾಡ್ರಿ. ಹೊಸಾ ಲೋಹ ಐತಿ, ಒಂದಕ್ಕೊಂದು ಪರಿಚಯ ಆಗಬೇಕು. ಆಮ್ಯಾಲ ಇದನ್ನ ನನ್ನ ಕೈಲೇ ತೆಗಿತೇನಿ" ಎಂದ ರಾಜೇಸಾಬ.

ನಾನು ಭೌತಶಾಸ್ತ್ರದ ಮೇಷ್ಟರು. ಘರ್ಷಣೆಯ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಆ ತಾಲೂಕಿನಲ್ಲಿರಲಿಲ್ಲ. ಕಣ್ಣಿಗೆ ನುಣುಪಾಗಿ ಕಂಡರೂ ಲೋಹದ ಮೈಯ ಮೇಲೆ ಸಣ್ಣ ಸಣ್ಣ ಗುಡ್ಡಗಳಿರುತ್ತವೆ, ಅವು ನಿಧಾನವಾಗಿ ಸವೆಯಬೇಕು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಆ ಚಿತ್ರ ಬರೆದ ಕೈಯೇ ಹತ್ತನೆಯ ದಿನ, ಝಳಕಿ ರಸ್ತೆಯಲ್ಲಿ, ಆ ತಂತಿಯನ್ನು ಬಿಚ್ಚಿತು.

ಸಿದ್ದಪ್ಪ ಹಾರ್ನು ಹಾಕಿದ, ದಾಟಿದ, ಟಾವೆಲ್ಲುಗಳು ಹಾರಿದವು. "ಸರ, ಹೊಸಾ ಎಂಜಿನ್ನೂ ಮುದುಕ್ಯಾಗೇತೇನ್ರಿ?" ಎಂದು ಯಾರೋ ಕೂಗಿದರು. ನಾನು ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಬಗ್ಗಿ, ಕಟ್ಟಿಗೆಯ ತುಂಡನ್ನು ಕಿತ್ತು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಒಗೆದೆ.

ಸುಳ್ಳು ಹೇಳಲಾರೆ, ಆ ನಾಲ್ಕು ನಿಮಿಷ ಸುಖವಾಗಿತ್ತು. ಮುಳ್ಳು ಅರವತ್ತು, ಎಂಬತ್ತು, ತೊಂಬತ್ತು ತೋರಿಸಿತು. ಎರಡೂ ಕಡೆಯ ಜೋಳದ ಹೊಲಗಳು ಹಿಂದಕ್ಕೆ ಓಡಿದವು. ಸಿದ್ದಪ್ಪನನ್ನು ದಾಟುವಾಗ ಟಾವೆಲ್ ಇರಲಿಲ್ಲವಾದ್ದರಿಂದ ಕರವಸ್ತ್ರ ಬೀಸಿದೆ. ಅಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಕಾಲು ತೆಗೆಯಲಿಲ್ಲ. ಒಳಗೆ ಏನೋ ಕಿರ್ರೆಂದಿತು, ಕಾರು ಒಮ್ಮೆ ಜಗ್ಗಿದಂತಾಗಿ ನಿಂತಿತು. ಕಾದು ಉಬ್ಬಿದ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡಿತ್ತು.

ನನ್ನನ್ನು ಹಗ್ಗ ಕಟ್ಟಿ ಇಂಡಿಗೆ ಎಳೆದುಕೊಂಡು ಬಂದವನು ಅದೇ ಸಿದ್ದಪ್ಪ. ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯ ಮುಂದೆಯೇ ನಿಲ್ಲಿಸಿದ. ಜನ ಸುತ್ತುಗಟ್ಟಿದರು. "ಏನಾತ್ರಿ ಸರ?" ಎಂದರು. ಸಿದ್ದಪ್ಪ ಎಲ್ಲರಿಗೂ ಕೇಳುವಂತೆ, "ವಿಮಾನದಂಗ ಹೋದ್ರು, ಮತ್ತ ಮುಂದ ಹೋಗಿ ನೋಡಿದ್ರ ನಿಂತಬಿಟ್ಟಿದ್ರು" ಎಂದ. ಎಲ್ಲರೂ ನಕ್ಕರು. ಆಗ ನನ್ನ ಬಾಯಿಂದ ಆ ಮಾತು ಬಂತು.

"ನೋಡ್ರಿ, ರಾಜೇಸಾಬ ಕಟ್ಟಿದ ಎಂಜಿನ್ನು!"

ಇಷ್ಟೇ. ನಾಲ್ಕೇ ಶಬ್ದ. ಇದರಲ್ಲಿ ಸುಳ್ಳೂ ಇಲ್ಲ, ಎಂಜಿನ್ನು ಕಟ್ಟಿದವನು ಅವನೇ. ಇಂಥ ಮಾತುಗಳನ್ನು ಆಡುವವರ ಮೇಲೆ ನನಗಿರುವಷ್ಟು ಸಿಟ್ಟು ಹಾರ್ನು ಹಾಕುವವರ ಮೇಲೂ ಇಲ್ಲ. ಚಹಾ ಆರುವುದರೊಳಗೆ ಊರು ತೀರ್ಮಾನಿಸಿಬಿಟ್ಟಿತು: ರಾಜೇಸಾಬ ಕಟ್ಟಿದರೆ ಓಡುತ್ತದೆ, ಬಾಳುವುದಿಲ್ಲ. ತಿಂಗಳೊಳಗೆ ಬಾಗೇವಾಡಿಯ ಜೀಪುಗಳು ಬರುವುದು ನಿಂತಿತು, ಮುದ್ದೇಬಿಹಾಳದವರು ಅರ್ಧ ಬಿಚ್ಚಿದ್ದ ಎಂಜಿನ್ನನ್ನು ಹಾಗೆಯೇ ಹೇರಿಕೊಂಡು ಹೋದರು. ಬೇವಿನ ಮರದ ಕೆಳಗೆ ನನ್ನ ಕಾರೊಂದೇ ಉಳಿಯಿತು.

ಅವನು ಕರೆಸಿದಾಗ ಹೋದೆ. ನಾಲ್ಕು ಪಿಸ್ಟನ್ನುಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಿದ್ದ, ಮೈತುಂಬ ಗೀರು. ಅವುಗಳ ಪಕ್ಕದಲ್ಲಿ ಡಬ್ಬಿಯಿಂದ ತೆಗೆದ ಆ ಜಾಲಿ ತುಂಡನ್ನೂ ಇಟ್ಟಿದ್ದ. ನಾನೇ ಮೊದಲು ದನಿ ಏರಿಸಿದೆ. ತಪ್ಪು ಮಾಡಿದಾಗ ನನ್ನ ದನಿ ಯಾವಾಗಲೂ ಮೊದಲು ಏರುತ್ತದೆ. ಆವತ್ತು ಅವನ ದನಿ ನನ್ನದಕ್ಕಿಂತ ಮೇಲೇರಿತು.

"ಎಂಜಿನ್ ಸುಟ್ಟೀರಿ, ಸುಡ್ರಿ, ನಿಮ್ಮದೈತಿ! ನನ್ನ ಹೆಸರ ಯಾಕ ಸುಟ್ಟೀರಿ? ಮೂವತ್ತು ವರ್ಷ ಆತ್ರಿ ಅದನ್ನ ಕಟ್ಟಿ. ಮೂರು ತಿಂಗಳದಾಗ ಮತ್ತ ಕಟ್ಟಾಕ ಅದೇನ ಎಂಜಿನ್ನೇನು?"

ಮನೆಗೆ ಬಂದು ಊಟ ಬೇಡ ಎಂದು ಕೂತೆ. ವಸುಧಾ ಎಲ್ಲ ಕೇಳಿಸಿಕೊಂಡಳು. "ಅಹೋ, ಸಿಟ್ಟಿನಾಗ ಹೇಳಿದ್ದು ಎಲ್ಲಾರಿಗೂ ಕೇಳಿಸೇತಿ. ಖರೇನೂ ಅಷ್ಟ ಜೋರಾಗಿ ಹೇಳ್ರಿ" ಎಂದಳು.

ಮರುದಿನ ಬೆಳಿಗ್ಗೆ ಅದೇ ಚಹಾದಂಗಡಿಯ ಬೆಂಚಿನ ಮುಂದೆ ನಿಂತು ಹೇಳಿದೆ. ತಪ್ಪು ನನ್ನದು, ಕಟ್ಟಿಗೆ ಕಿತ್ತವನು ನಾನು, ಕೆಂಪು ಮುಳ್ಳು ನೋಡಿಯೂ ತುಳಿದವನು ನಾನು. ಜನ ಏನೆಂದರು ಗೊತ್ತೇ? "ಸರ ಭಾಳ ದೊಡ್ಡ ಮನಸ್ಸಿನವರು. ಬಡವಗ ಪೆಟ್ಟ ಬೀಳಬಾರದಂತ ಎಲ್ಲಾ ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ." ಹಿರಿಯರೊಬ್ಬರು ಕಣ್ಣು ಕೂಡ ಒರೆಸಿಕೊಂಡರು. ನಾನು ಚಹಾದ ಕಪ್ಪನ್ನು ಬೆಂಚಿಗೆ ಕುಕ್ಕಿ, ಸುಳ್ಳಲ್ಲ, ಖರೇ ಎಂದು ಕಿರುಚಿದೆ. ಕಿರುಚಿದಷ್ಟೂ ನನ್ನ ಮನಸ್ಸು ಅವರಿಗೆ ದೊಡ್ಡದಾಗಿ ಕಂಡಿತು. ಒಬ್ಬನ ಹೆಸರು ಕೆಡಿಸಲು ನಾಲ್ಕು ಶಬ್ದ ಸಾಕಾದ ಊರಿಗೆ, ಅದನ್ನು ತೊಳೆಯಲು ನನ್ನ ನಾಲ್ಕು ನೂರು ಶಬ್ದ ಸಾಲಲಿಲ್ಲ. ಊರಿನ ಮೇಲೆ ಬಂದ ಆ ಸಿಟ್ಟು ಇನ್ನೂ ಹೋಗಿಲ್ಲ.

ಇದನ್ನು ರಾಜೇಸಾಬನಿಗೆ ಹೇಳಿದಾಗ ಅವನು ನಗಲಿಲ್ಲ. "ಬಾಯಿಲೇ ಆಗೂದಲ್ರಿ ಅದು" ಎಂದು ಮತ್ತೆ ಅರ ಹಿಡಿದು ಕೂತ. ಅದೇ ಎಂಜಿನ್ನನ್ನು ಎರಡನೆಯ ಸಲ ಕಟ್ಟಿದ. ನಾನು ದಿನಾ ಹೋಗಿ ಬಾಯಿ ಮುಚ್ಚಿಕೊಂಡು ಚಿಂದಿ ಕೊಡುವ ಕೆಲಸ ಮಾಡಿದೆ. ಪತ್ತಾರರ ತಕ್ಕಡಿಯನ್ನು ಈ ಸಲ ನಾನೇ ಹಿಡಿದೆ.

ಆಮೇಲೆ ಪೆಡಲಿನ ಕೆಳಗೆ ಮತ್ತೆ ಅದೇ ಜಾಲಿ ತುಂಡು, ನಲವತ್ತರ ವೇಗದಲ್ಲಿ ಸಾವಿರ ಕಿಲೋಮೀಟರ್. ಭಾನುವಾರಗಳಂದು ನಾನೂ ವಸುಧಾಳೂ ಹೊರಡುತ್ತಿದ್ದೆವು, ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ಬಸ್ಸು ದಾಟಿತು, ಲಾರಿ ದಾಟಿತು, ಯಂಕಂಚಿಯ ಹತ್ತಿರ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡ ಮೊಪೆಡ್ಡಿನವನೊಬ್ಬ ದಾಟಿ, ತಿರುಗಿ ನೋಡಿ ಕನಿಕರಪಟ್ಟ. ಪ್ರತಿ ಹಾರ್ನಿಗೂ ನನ್ನ ಬಲಗಾಲು ಜಾಲಿ ತುಂಡನ್ನು ಒತ್ತುತ್ತಿತ್ತು, ಅದು ಅಲುಗುತ್ತಿರಲಿಲ್ಲ. ವಸುಧಾ ಬುತ್ತಿ ಬಿಚ್ಚಿ ರೊಟ್ಟಿ ಕೈಗೆ ಕೊಡುತ್ತಿದ್ದಳು. ಬಾಯಿ ತುಂಬಿದ್ದರೆ ಬೈಯಲು ಆಗುವುದಿಲ್ಲ ಎಂಬುದು ಅವಳ ಲೆಕ್ಕವಿರಬೇಕು.

ಸಾವಿರ ಮುಗಿದ ದಿನ ರಾಜೇಸಾಬ ತಂತಿ ಬಿಚ್ಚಿ ತುಂಡನ್ನು ಜೇಬಿಗೆ ಹಾಕಿಕೊಂಡ. ನಾನು ನೇರವಾಗಿ ಝಳಕಿ ರಸ್ತೆಗೆ ಹೋದೆ. ಸಿದ್ದಪ್ಪ ಸಿಕ್ಕ. ದಾಟಿದೆ. ಬಿಸಿಯ ಮುಳ್ಳು ನಡುವೆಯೇ ನಿಂತಿತ್ತು, ಮಳೆಯಿಲ್ಲದ ಏಪ್ರಿಲ್ ಬಿಸಿಲಿನಲ್ಲಿ. ಝಳಕಿಯಲ್ಲಿ ನನ್ನ ಚಹಾ ಮುಗಿಯುವ ಹೊತ್ತಿಗೆ ಸಿದ್ದಪ್ಪನ ಟೆಂಪೋ ಬಂದು ನಿಂತಿತು. ಅವನು ಇಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ, ಕೈ ಸುಡಲಿಲ್ಲ.

"ಅದೇ ಎಂಜಿನ್ನೇನ್ರಿ?"

"ಅದೇ."

"ಕಟ್ಟಿದಾಂವ?"

"ಅವನೇ."

ಮುಂದಿನ ವಾರ ಬೇವಿನ ಮರದ ಕೆಳಗೆ ಸಿದ್ದಪ್ಪನ ಟೆಂಪೋ ನಿಂತಿತ್ತು. ಅದರ ಹಿಂದೆ ಒಂದು ಜೀಪು, ಆಮೇಲೆ ಬಾಗೇವಾಡಿಯವರು. ಬೆಂಚಿನ ಮುಂದೆ ನಿಂತು ಹೇಳಿದ ಸತ್ಯವನ್ನು ನಂಬದ ಜನ ಕೈ ಸುಡದ ಒಂದು ಬಾನೆಟ್ಟನ್ನು ನಂಬಿದರು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೂ ಆ ನಾಲ್ಕು ತಿಂಗಳು ಅವನು ಖಾಲಿ ಶೆಡ್ಡಿನಲ್ಲಿ ಕೂತದ್ದನ್ನು ಯಾವ ಬಾನೆಟ್ಟು ತಿರುಗಿ ಕೊಡುತ್ತದೆ?

ಅದನ್ನೇ ಹೇಳಲು ಶೆಡ್ಡಿಗೆ ಹೋದೆ. ಅವನು ಸಿದ್ದಪ್ಪನ ಎಂಜಿನ್ನಿಗೆ ಸ್ಕ್ರೂಡ್ರೈವರ್ ಹಚ್ಚಿ ಕಿವಿ ಕೊಟ್ಟಿದ್ದ. ನನ್ನ ಕ್ಷಮೆಯನ್ನು ಕೇಳಿಸಿಕೊಂಡನೋ ಇಲ್ಲವೋ, ಜೇಬಿಗೆ ಕೈ ಹಾಕಿ ಜಾಲಿ ತುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ.

"ಎಂಜಿನ್ನಿಗೆ ಇದರ ಕೆಲಸ ಮುಗೀತ್ರಿ ಸರ. ಇನ್ನ ನೀವ ಇಟ್ಟುಕೋರಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾರು ಹತ್ತಿ ಬಾಗಿಲು ಧಡಾರೆಂದು ಹಾಕಿಕೊಂಡೆ. ಎಪ್ಪತ್ತೈದೂ ಕುದುರೆಗಳು ತಯಾರಾಗಿದ್ದವು, ರಸ್ತೆ ಖಾಲಿಯಿತ್ತು, ಹಿಂದೆ ಯಾರೋ ಹಾರ್ನು ಹಾಕಿದರು. ಮನೆ ಮುಟ್ಟುವ ತನಕ ನಲವತ್ತು ದಾಟಲಿಲ್ಲ.