ತೊಳೆಯದ ಸ್ಪಂಜು

ಈ ಪ್ರಸಂಗ ಹೇಳುವಾಗಲೆಲ್ಲ ನಾನು ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಒಂದು ಬಿಳಿ ಕೋಟು ತೊಡಿಸುತ್ತೇನೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿಗೆ ಮುಖ್ಯಸ್ಥರಾಗಿದ್ದರೂ ಅವರು ಇರುತ್ತಿದ್ದದ್ದು ಅರ್ಧ ತೋಳಿನ ಚೌಕಡಿ ಅಂಗಿಯಲ್ಲಿ. ಕೋಟು ಎಲ್ಲಿಂದ ಬಂತೋ ಗೊತ್ತಿಲ್ಲ. ಉಳಿದದ್ದನ್ನೂ ಇದೇ ಲೆಕ್ಕದಲ್ಲಿ ನಂಬಬೇಕು.

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ. ನಾನು ಪಿಎಚ್.ಡಿ. ಮಾಡುತ್ತಿದ್ದೆ. ಕಾರವಾರದ ಕಡೆಯ ಬಂಡೆಯೊಂದರಿಂದ ಕೆತ್ತಿ ತಂದ ಸ್ಪಂಜು ನನ್ನ ವಿಷಯ. ಸ್ಪಂಜು ಎಂದರೆ ಪ್ರಾಣಿಯೇ. ಆದರೆ ಅದರ ಮೈಯೊಳಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಬಿಡಾರ ಹೂಡಿ, ಅದಕ್ಕೂ ಉಣಿಸಿ ತಾವೂ ಉಂಡು ಬದುಕುತ್ತವೆ. ಸ್ಪಂಜಿನದೂ ಆ ಬಿಡಾರದವರದೂ ಡಿಎನ್‌ಎ ಒಟ್ಟಿಗೇ ತೆಗೆದು, ಬೆಂಗಳೂರಿನ ಒಂದು ಕಂಪನಿಗೆ ಕಳಿಸಿ, ಅಕ್ಷರ ಅಕ್ಷರವಾಗಿ ಓದಿಸಬೇಕಿತ್ತು. ತಿಂಗಳೊಳಗೆ ಓದಿಸದಿದ್ದರೆ ನನ್ನ ನೋಂದಣಿ ರದ್ದಾಗುತ್ತಿತ್ತು. ಅಷ್ಟರಲ್ಲಿ ನಮ್ಮ ವಿಭಾಗದ ಫ್ರೀಜರ್ ಕೆಟ್ಟು, ಡಿಎನ್‌ಎ ತೆಗೆಯುವ ಕೆಲಸವೇ ನಿಂತಿತು. ಸ್ಪಿರಿಟ್ ತುಂಬಿದ ಐದು ಪುಟ್ಟ ಬಾಟಲಿಗಳಲ್ಲಿ ಸ್ಪಂಜಿನ ಐದು ತುಂಡು ಹಾಕಿಕೊಂಡು ಹಾವೇರಿಯ ಮನೆಗೆ ಬಂದೆ.

ದಿನಾ ರಾಶಿ ಬೀಜದ ಡಿಎನ್‌ಎ ತೆಗೆಯುತ್ತೇವೆ, ಇದೇನು ದೊಡ್ಡದು ಎಂದರು ಕಾಕಾ. ಸುಳ್ಳಲ್ಲ. ಹೈಬ್ರಿಡ್ ಬೀಜದಲ್ಲಿ ಬೆರಕೆ ಸೇರಿದೆಯೋ ಇಲ್ಲವೋ ಪತ್ತೆ ಹಚ್ಚುವುದೇ ಅವರ ಕೆಲಸ. ಹೊರಗಿನವರಿಗೆ ಲ್ಯಾಬಿನೊಳಗೆ ಪ್ರವೇಶವಿರಲಿಲ್ಲ. ಬಾಟಲಿ ಅವರ ಕೈಗೆ ಕೊಟ್ಟು ಬಂದೆ. ಏನೇನು ಹೇಳಿ ಕೊಟ್ಟೆ ಎಂಬುದು ನೆನಪಿಲ್ಲ. ಹೇಳಬೇಕಾದದ್ದನ್ನು ಹೇಳಿರಲಿಲ್ಲ ಎಂಬುದಂತೂ ಖರೆ.

ಮೂರು ದಿನ ಬಿಟ್ಟು ಹೋದಾಗ ಕಾಕಾ ಖುಷಿಯಲ್ಲಿದ್ದರು. ತೊಳೆಯದ ಯಾವ ವಸ್ತುವೂ ಅರೆಯುವ ಟೇಬಲ್ಲಿಗೆ ಬರಕೂಡದು ಎಂಬುದು ಅವರ ಲ್ಯಾಬಿನ ನಿಯಮ. ಸ್ಪಂಜಿನ ತುಂಡುಗಳನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಬ್ರಶ್ ಹಾಕಿ ತಿಕ್ಕಿ, ಮತ್ತೆ ಮೂರು ಸಲ ತೊಳೆದಿದ್ದರು.

‘ಹೊಟ್ಯಾಗ ಎಷ್ಟ ಹೊಲಸ ಇತ್ತವಾ. ಹಿಂಡಿ ಹಿಂಡಿ ತಗದೇವಿ ನೋಡ.’

‘ಆ ಹೊಲಸ ನನಗ ಬೇಕಾಗಿತ್ರಿ, ಕಾಕಾ.’

ಊಟ ಆಯಿತೇ ಎಂದು ಕೇಳಿದರು ಕಾಕಾ.

ತೊಳೆದದ್ದು ನಾಲ್ಕು ತುಂಡು. ಅವರ ಫ್ರಿಜ್ಜಿನಲ್ಲಿ ಜಾಗ ಸಾಲದೆ ಐದನೆಯದನ್ನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿಗೆ ಕಳಿಸಿದ್ದರು, ಗೆಳೆಯರೊಬ್ಬರ ಮೂಲಕ. ಇಬ್ಬರೂ ಸಿಕ್ಕ ಬಸ್ ಹತ್ತಿದೆವು. ಮೋಟೆಬೆನ್ನೂರಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತ್ತು ಎಂದು ನನಗೆ ನೆನಪು. ನಿಲ್ಲಲೇ ಇಲ್ಲ ಎಂದು ಕಾಕಾ ವಾದಿಸುತ್ತಾರೆ.

ಕೋಲ್ಡ್ ಸ್ಟೋರೇಜಿನ ಗುಮಾಸ್ತರು ರಿಜಿಸ್ಟರ್ ತೆರೆದು, ಮಾಲು ಡಬ್ಬಿಯೋ ಕಡ್ಡಿಯೋ ಎಂದು ಕೇಳಿದರು. ಅವರಿಗೆ ಗೊತ್ತಿದ್ದ ಮೆಣಸಿನಕಾಯಿಯ ಜಾತಿ ಅವೆರಡು. ಎರಡೂ ಅಲ್ಲ, ಸಮುದ್ರದ ಪ್ರಾಣಿ ಎಂದೆ. ಪ್ರಾಣಿಗೆ ಕಾಲಂ ಇಲ್ಲ, ಆದ್ದರಿಂದ ಕಡ್ಡಿಯಲ್ಲೇ ಇರಬೇಕು ಎಂದು ಬೆರಳಿಟ್ಟು ಹುಡುಕಿದರು. ಇತ್ತು. ಚೀಲವಿಲ್ಲದೆ ಏನನ್ನೂ ಒಳಗಿಡುವ ಪದ್ಧತಿ ಅಲ್ಲಿರಲಿಲ್ಲ. ಹೆಬ್ಬೆರಳಿನಷ್ಟು ಬಾಟಲಿಯನ್ನು ದೊಡ್ಡದೊಂದು ಗೋಣಿಚೀಲಕ್ಕೆ ಹಾಕಿ, ಬಾಯಿ ಹೊಲಿದು, ಮಸಿಯಲ್ಲಿ ನಂಬರ್ ಹೊಡೆದು, ಮೆಣಸಿನಕಾಯಿ ಚೀಲಗಳ ಸಾಲಿನಲ್ಲಿಟ್ಟಿದ್ದರು. ಇಬ್ಬರು ಹಮಾಲರು ಖಾಲಿಯಂತಿದ್ದ ಆ ಚೀಲವನ್ನು ಎರಡು ತುದಿ ಹಿಡಿದು, ಹುಷಾರಾಗಿ, ಸೀನುತ್ತ ಹೊತ್ತು ತಂದರು. ಹೊಲಿಗೆ ಬಿಚ್ಚಿದಾಗ ಬಾಟಲಿ ಮೂಲೆಯಲ್ಲಿತ್ತು. ಸ್ಪಿರಿಟ್ ಚೆಲ್ಲಿರಲಿಲ್ಲ.

ಕಷ್ಟ ಶುರುವಾದದ್ದು ರಾಣೆಬೆನ್ನೂರಿಗೆ ಮರಳಿದ ಮೇಲೆ. ತೊಳೆಯದ ತುಂಡನ್ನು ಒಳಗೆ ಒಯ್ಯಲು ಕಾಕಾ ಒಪ್ಪಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತೇ ಇದ್ದರು.

‘ಇಪ್ಪತ್ತ ವರ್ಷ ಬೆರಕಿ ಹಿಡದ ಹಿಡದ ಹೊರಗ ಹಾಕೇನಿ. ಈಗ ನೀ ಬೆರಕೀನ ಒಳಗ ಕರೀರಿ ಅಂತಿ.’

ಆಗ ನಾನೊಂದು ಚೆಂದದ ಮಾತು ಆಡಿದೆ, ಒಂದು ಜೀವವೆಂದರೆ ಒಂದು ಊರು ಅಂತೇನೋ, ಎಂದು ಹಲವರ ಮುಂದೆ ಹೇಳಿಕೊಂಡಿದ್ದೇನೆ. ಆಡಿಲ್ಲ.

‘ತೊಳೀಬ್ಯಾಡ್ರಿ, ಕಾಕಾ. ಇದ ಕಡೇದು,’ ಎಂದೆ, ಅಷ್ಟೇ.

ಅವರು ಒಳಗೆ ಹೋದರು. ನಾನು ಗಾಜಿನ ಕಿಟಕಿಗೆ ಮುಖ ಹಚ್ಚಿ ನಿಂತೆ. ತುಂಡು ಹೊರತೆಗೆದವರೇ ಕಾಕಾ ನಳದ ಕಡೆಗೆ ಎರಡು ಹೆಜ್ಜೆ ಹಾಕಿ ನಿಂತರು. ಆಮೇಲೆ ಲ್ಯಾಬಿನ ಸಹಾಯಕಿಯನ್ನು ಕರೆದು ನಳದ ಮುಂದೆ ನಿಲ್ಲಿಸಿದರು. ತಾವು ನಳದ ಹತ್ತಿರ ಬಂದರೆ ತಡೆಯಬೇಕೆಂದು ತಾಕೀತು ಮಾಡಿದ್ದರಂತೆ. ಅರೆಯುವಷ್ಟು ಹೊತ್ತಿನಲ್ಲಿ ಆಕೆ ಎರಡು ಸಲ ತಡೆದರು. ಕಾಕಾ ಒಮ್ಮೆ ಬೈದರು ಕೂಡ.

ಲ್ಯಾಬಿನಿಂದ ಹೊರಬೀಳುವ ಪ್ರತಿ ಮಾದರಿಯ ಜೊತೆಗೂ ಒಂದು ಛಾಪಿಸಿದ ಫಾರ್ಮು ಹೋಗಲೇಬೇಕಿತ್ತು. ಕಾಕಾ ಅದನ್ನು ಪ್ರಾಮಾಣಿಕವಾಗಿ ತುಂಬಿದರು. ಶುದ್ಧತೆ: ಇಲ್ಲ. ಷರಾ: ಬಿತ್ತನೆಗೆ ಯೋಗ್ಯವಲ್ಲ, ತಿರಸ್ಕರಿಸಿದೆ. ಕೆಳಗೆ ಸಹಿ, ಮುದ್ರೆ.

ಡಿಎನ್‌ಎ ತಲುಪಿದ ದಿನ ಬೆಂಗಳೂರಿನಿಂದ ಫೋನು ಬಂತು.

‘ಮೇಡಂ, ತಿರಸ್ಕರಿಸಿದೆ ಅಂತ ಬರ್ದಿದಾರೆ. ಓದೋದಾ, ಬೇಡ್ವಾ?’

ಓದಿ ಎಂದೆ. ಗಡುವಿಗೆ ನಾಲ್ಕೋ ಐದೋ ದಿನ ಇರುವಾಗ ಫಲಿತಾಂಶ ಬಂತು. ಸ್ಪಂಜು ಇತ್ತು, ಅದರೊಳಗಿನ ಜನ ಪುಟಗಟ್ಟಲೆ ಇದ್ದರು, ಹೆಸರಿಲ್ಲದವರೇ ಹೆಚ್ಚು. ನೋಂದಣಿ ಉಳಿಯಿತು. ಹಾವೇರಿಯಿಂದ ಕಾಕಾನಿಗೆ ಫೋನು ಮಾಡಿ, ಎಲ್ಲ ಬಂದಿದೆ, ನೀವು ತೊಳೆಯದ್ದರಿಂದಲೇ ಬಂತು ಎಂದೆ.

‘ಆ ಫಲಿತಾಂಶದಾಗ ನಮ್ಮ ಲ್ಯಾಬಿನ ಹೆಸರ ಎಲ್ಲೂ ಹಾಕಿಲ್ಲಲಾ?’ ಎಂದು ಕೇಳಿದರು.

ಹಾಕಿಲ್ಲ ಎಂದೆ. ಹಾಂಗಾದರ ಆತು ಎಂದು ಫೋನಿಟ್ಟರು.