ಎಡಪಕ್ಕೆಯ ಗೆರೆ

ಮೊದಲು ಅದನ್ನು ನನಗೆ ತೋರಿಸಿದವರು ನಮ್ಮವರೇ. ಅದೂ ಹೆಮ್ಮೆಯಿಂದ.

ಗರಡಿಯಲ್ಲಿ ಬೆಳಗಿನ ಸಾಮು ಮುಗಿಸಿ ಬಂದು ಹಿತ್ತಲಲ್ಲಿ ನಿಂತಿದ್ದರು. ಮೈಯೆಲ್ಲ ಸಂಡೂರಿನ ಕೆಮ್ಮಣ್ಣು. ನಾನು ಬಿಸಿನೀರು ತೋಡಿ ಕೊಡುತ್ತಿದ್ದೆ. ನನ್ನ ಕೈ ಹಿಡಿದು ಎಡಗಡೆಯ ಪಕ್ಕೆಲುಬಿನ ಕೆಳಗೆ ಇಟ್ಟುಕೊಂಡು, "ಒತ್ತಿ ನೋಡು ಗೌರಿ, ಕಲ್ಲಾಗೇತಿ" ಅಂದರು. ಒತ್ತಿದೆ. ನಿಜಕ್ಕೂ ಗಟ್ಟಿಯಿತ್ತು. ಚರ್ಮದ ಕೆಳಗೆ ಅಂಗೈಯಗಲದ ಏನೋ ಒಂದು ಅಂಚು ಕಟ್ಟಿಕೊಂಡು ಕೂತಿತ್ತು.

"ಬಲಗಡೆ ಯಾಕ್ರೀ ಹಿಂಗಿಲ್ಲ?" ಎಂದು ಕೇಳಿದೆ.

"ಅದೂ ಆಗ್ತೈತಿ. ಇನ್ನಷ್ಟು ದಂಡ ಹೊಡೀಬೇಕು."

ಗರಡಿಯಲ್ಲಿ ಅದೊಂದು ಆಟವೇ ಆಗಿಹೋಯಿತು. ಇವರು ಉಸಿರು ಬಿಗಿಹಿಡಿದು ನಿಲ್ಲುವುದು, "ಗುದ್ರಲೇ" ಎನ್ನುವುದು, ಜೊತೆಯವರು ಅದೇ ಜಾಗಕ್ಕೆ ಗುದ್ದುವುದು. ಮನೆಗೆ ಬಂದು ಅದನ್ನೆಲ್ಲ ಬಣ್ಣಿಸಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಚಳಿಜ್ವರ ಆಗಲೇ ಬಂದುಹೋಗಿ ಮಾಡುತ್ತಿತ್ತು. ಅದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ನಮ್ಮ ಬಾಳೆತೋಟ ಕಡ್ಡಿರಾಂಪುರದ ಹತ್ತಿರ, ಕಾಲುವೆಯ ದಂಡೆಗೇ ಇದೆ. ಸುತ್ತ ಗದ್ದೆ, ನಿಂತ ನೀರು, ಸೊಳ್ಳೆ. ಹೊಸಪೇಟೆಯ ಕಡೆ ಕಂಬಳಿ ಹೊದ್ದು ನಡುಗದ ಮನೆಯಿಲ್ಲ. ಪೋಸ್ಟಾಫೀಸಿಗೆ ಹೋಗಿ ಕ್ವಿನೈನ್ ಪೊಟ್ಟಣ ತರುವುದು, ನಡುಕ ನಿಲ್ಲುವವರೆಗೆ ನುಂಗುವುದು, ಉಳಿದದ್ದನ್ನು ಗೂಡಿನಲ್ಲಿಟ್ಟು ಮರೆಯುವುದು. ನಾವೂ ಹಾಗೇ ಮಾಡಿದೆವು.

ಇಲ್ಲಿ ನನ್ನ ಮನಸ್ಸನ್ನೂ ಸ್ವಲ್ಪ ಹೇಳಬೇಕು. ಗರಡಿ ಎಂದರೆ ನನ್ನ ಸವತಿ. ಕುಸ್ತಿ ಗೊತ್ತಾಯಿತೆಂದರೆ ಅದು ಮುಗಿಯುವವರೆಗೆ ಇವರು ಗರಡಿಯಲ್ಲೇ ಮಲಗಬೇಕು, ಅದು ಅಲ್ಲಿ ಪಟ್ಟು ಕಲಿಸುವ ವಸ್ತಾದರ ಕಟ್ಟುನಿಟ್ಟು. ಒಂದು ಕುಸ್ತಿ ಮುಗಿಯುವಷ್ಟರಲ್ಲಿ ಇನ್ನೊಂದು ಗೊತ್ತಾಗುತ್ತಿತ್ತು. ಹೆಂಗಸರು ಅಲ್ಲಿಯ ಹೊಸ್ತಿಲು ದಾಟುವಂತಿಲ್ಲ. ಮದುವೆಯಾದ ಹೊಸತರಲ್ಲಿ ನೀರಿಗೆ ಹೋಗುವ ನೆಪ ಮಾಡಿಕೊಂಡು ಗರಡಿಯ ಹಿಂದಿನ ಗೋಡೆಗೆ ಕೊಡ ಇಳಿಸಿ ನಿಲ್ಲುತ್ತಿದ್ದೆ. ಒಳಗಿನಿಂದ ತೊಡೆ ತಟ್ಟುವ ಸದ್ದು, ಅದರ ನಡುವೆ ಇವರ ನಗು. ಮನೆಯಲ್ಲಿ ಅಷ್ಟು ನಗುವವರಲ್ಲ. ನನ್ನ ಪಾಲಿಗೆ ಬರುತ್ತಿದ್ದದ್ದು ಕೆಂಪು ಹತ್ತಿದ ಲಂಗೋಟಿ, ಕೆಂಪು ಹತ್ತಿದ ಪಂಚೆ. ಎಷ್ಟು ಕುಕ್ಕಿದರೂ ಆ ಮಣ್ಣಿನ ಬಣ್ಣ ಬಿಡುತ್ತಿರಲಿಲ್ಲ. ಬಂಡೆಯ ಮೇಲೆ ಬಟ್ಟೆ ಬಡಿಯುವಾಗ ಯಾರನ್ನು ಬಡಿಯುತ್ತಿದ್ದೆನೋ ನನಗೇ ಗೊತ್ತು.

ಆ ಸಲ ಕುಸ್ತಿ ಗೊತ್ತಾಗಿದ್ದು ನನ್ನ ತವರೂರು ಕಂಪ್ಲಿಯ ಪೈಲ್ವಾನನ ಜೊತೆ. ತಯಾರಿ ಜೋರಾಗಿ ನಡೆದಿತ್ತು. ಒಂದು ಬೆಳಿಗ್ಗೆ ಕಣದಲ್ಲಿ ಕೈ ಕೊಡುವಾಗ ನಡುಕ ಹತ್ತಿತಂತೆ. ಹಾಗೇ ಕುಸಿದರು.

ವಸ್ತಾದರು ಬಂಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಕರೆದೊಯ್ದರು. ಸುದ್ದಿ ಕೇಳಿ ನಾನೂ ಓಡಿದೆ.

ಡಾಕ್ಟರು ತೆಲುಗು ಸೀಮೆಯವರು, ಕನ್ನಡವನ್ನು ನಿಧಾನವಾಗಿ ಆಡುತ್ತಿದ್ದರು. ಮೊಣಕಾಲು ಮಡಿಸಿ ಮಲಗಿಸಿ, ಉಸಿರು ಎಳೆಯಲು ಹೇಳಿ, ಹೊಟ್ಟೆಯ ಮೇಲೆ ಬಲದಿಂದ ಎಡಕ್ಕೆ ಬೆರಳು ಸರಿಸುತ್ತ ಹೋದರು. ಎಡಕ್ಕೆ ಬಂದಾಗ ಬೆರಳು ನಿಂತಿತು.

"ಇದು ಯಾವಾಗಿನಿಂದ?"

"ಅದು ಸಾಮಿನಿಂದ ಆಗಿದ್ದು ಡಾಕ್ಟರೇ. ಗುದ್ದಿದ್ರೂ ಏನೂ ಆಗಂಗಿಲ್ಲ."

"ಗುದ್ದಿದರೆ? ಯಾರು ಗುದ್ದಿದರು?"

"ಎಲ್ಲಾರೂ" ಎಂದರು ನಮ್ಮವರು. ಹಲ್ಲು ಕಟಕಟಿಸುತ್ತಿದ್ದರೂ ಜಂಬ ಹೋಗಿರಲಿಲ್ಲ.

ಡಾಕ್ಟರು ಕೈ ತೆಗೆಯಲಿಲ್ಲ. ಇವರ ಹೊಟ್ಟೆಯ ಮೇಲೇ ಬೆರಳಿಟ್ಟು ನನಗೂ ವಸ್ತಾದರಿಗೂ ತೋರಿಸತೊಡಗಿದರು. ಬಲಕ್ಕೆ, ಪಕ್ಕೆಲುಬಿನ ಮರೆಯಲ್ಲಿ ಲಿವರ್. ಅದರ ಅಡಿಗೆ ಅಂಟಿಕೊಂಡು ಪಿತ್ತದ ಚೀಲ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವುದು ಪ್ಯಾಂಕ್ರಿಯಾಸ್, ಅದರ ಬಾಲ ಎಡಕ್ಕೆ ಹೋಗಿ ತಾಗುವುದೇ ಸ್ಪ್ಲೀನ್. "ಸ್ಪ್ಲೀನ್ ಮುಷ್ಟಿಯಷ್ಟಿರಬೇಕು. ಎಲುಬಿನ ಒಳಗೇ ಇರಬೇಕು, ಕೈಗೆ ಸಿಗಬಾರದು. ಮಲೇರಿಯಾ ಬಂದು ಬಂದು ಇವರದು ಊದಿ ಹೊರಗೆ ಬಂದಿದೆ."

"ಜ್ವರಗಡ್ಡಿ" ಎಂದರು ವಸ್ತಾದರು ಮೆಲ್ಲಗೆ.

ಹೊಟ್ಟೆ ಉಬ್ಬಿದ ಬಡಕಲು ಮಕ್ಕಳಲ್ಲಿ ಅದನ್ನು ನಾವೆಲ್ಲ ಕಂಡವರೇ. ಪೈಲ್ವಾನನ ಮೈಯಲ್ಲಿ ಯಾರು ಹುಡುಕುತ್ತಾರೆ?

"ಇದು ಗಟ್ಟಿ ಅಂತ ತಿಳಿಯಬೇಡಿ ಅಮ್ಮಾ" ಎಂದರು ಡಾಕ್ಟರು. "ಒಳಗೆ ಬರೀ ರಕ್ತ. ಪೆಟ್ಟು ಬಿದ್ದು ಒಡೆದರೆ, ಬಳ್ಳಾರಿಯ ದೊಡ್ಡ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದುಹೋಗುತ್ತದೆ."

ಒಂದೇ ಒಂದು ಗುದ್ದು ಸಾಕಿತ್ತು.

ನಾವು ನಕ್ಕದ್ದೆಲ್ಲ ನೆನಪಾಯಿತು. ವಸ್ತಾದರು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ ನಿಂತಿದ್ದರು. ಅವರೂ ಗುದ್ದಿದ್ದರು.

ಡಾಕ್ಟರು ಒಂದು ನೇರಳೆ ಪೆನ್ಸಿಲನ್ನು ನೀರಿನಲ್ಲಿ ಅದ್ದಿ ಆ ಅಂಚಿನುದ್ದಕ್ಕೂ ಚರ್ಮದ ಮೇಲೆ ಗೆರೆ ಎಳೆದರು. ಪಕ್ಕೆಲುಬಿನಿಂದ ನಾಲ್ಕು ಬೆರಳು ಕೆಳಗೆ. ಔಷಧಿ ಹಿಡಿದರೆ ಇದು ಮೇಲೇರುತ್ತದೆ, ಪ್ರತಿ ವಾರ ಬಂದು ತೋರಿಸಬೇಕು, ಅಲ್ಲಿಯವರೆಗೆ ಗೆರೆ ಅಳಿಸಬಾರದು. ಕುಸ್ತಿ ಇರಲಿ, ಎತ್ತಿನ ಬಂಡಿಯೂ ಹತ್ತಬಾರದು ಎಂದರು.

ಆ ಗೆರೆಯನ್ನು ಕಾಯುವುದೇ ನನ್ನ ಕೆಲಸವಾಯಿತು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಾಗ ಅದರ ಸುತ್ತ ಬಳಸಿಕೊಂಡು ಹೋಗುತ್ತಿದ್ದೆ. ಕ್ವಿನೈನ್ ಮಿಕ್ಸ್ಚರಿನ ಕಹಿಗೆ ಇವರು ಮುಖ ಕಿವುಚುತ್ತಿದ್ದರು. ಕಿವಿ ಗುಂಯ್ ಎಂದು ನಾನು ಕರೆದದ್ದು ಕೇಳುತ್ತಿರಲಿಲ್ಲ. ಜೊತೆಗೆ ಕಬ್ಬಿಣದ ಟಾನಿಕ್. "ಸಂಡೂರಿನ ಮಣ್ಣಿನಾಗ ಭಾಳ ಕಬ್ಬಿಣ ಐತಂತ. ಅದ್ರಾಗ ಒಂದೀಟು ಹೊರಳಿದ್ರ ಸಾಲಂಗಿಲ್ಲೇನ್ರಿ?" ಎಂದು ಡಾಕ್ಟರನ್ನೇ ಕೇಳಿದರು. ಡಾಕ್ಟರು ನಗಲಿಲ್ಲ. ಕಾಂಪೌಂಡರ್ ನಕ್ಕ.

ನಮ್ಮತ್ತೆ ಗಾದಿಗನೂರಿನಿಂದ ಬರೆ ಹಾಕುವವನನ್ನು ಕರೆಸಿದರು. ಕಾದ ಸೂಜಿ ತಾಗಿಸಿದರೆ ಗಡ್ಡೆ ಕರಗುತ್ತದೆ ಎಂಬುದು ಅವರ ನಂಬಿಕೆ. ಮಗನ ಮೇಲಿನ ಜೀವಕ್ಕೇ ಕರೆಸಿದ್ದರು, ಎದುರಾಡಲು ಬಾಯಿ ಬರಲಿಲ್ಲ. "ಬರಿ ಹಾಕಿದ್ರ ಗೆರಿ ಅಳಸ್ತೈತಿ ಅತ್ತಿ. ಸರ್ಕಾರಿ ಡಾಕ್ಟರ್ ಎಳೆದ ಗೆರಿ, ಕೇಳಿದ್ರ ಯಾರು ಜವಾಬು ಕೊಡೋರು?" ಅಂದೆ. ಸರ್ಕಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಂದವನು ಸೂಜಿ ಕಟ್ಟಿಕೊಂಡು ಹೊರಟುಹೋದ. ಅತ್ತೆ ನನ್ನ ಜೊತೆ ಮಾತು ಬಿಟ್ಟರು.

ಆ ದಿನಗಳು ನನಗೆ ಸುಖದವೂ ಆಗಿದ್ದವು. ಬರೆಯಲು ಸಂಕೋಚವೇನಿಲ್ಲ. ಇವರು ದಿನವಿಡೀ ಮನೆಯಲ್ಲಿದ್ದರು. ನಾನು ಸೊಪ್ಪು ಸೋಸುವಾಗ ಎದುರಿಗೆ ಕೂತು ಮಾತಾಡುತ್ತಿದ್ದರು. "ನೀ ರೊಟ್ಟಿ ಬಡಿಯೋವಾಗ ಹಾಡ್ತೀ ಅಲ್ಲ, ನಂಗ ಗೊತ್ತೇ ಇರಲಿಲ್ಲ" ಅಂದರು ಒಂದು ದಿನ. ಇಷ್ಟು ವರ್ಷ ಯಾವ ಗೋಡೆಯ ಆಚೆ ನಿಂತು ಹಂಬಲಿಸಿದ್ದೆನೋ ಅದು ಕಾಯಿಲೆಯ ದೆಸೆಯಿಂದ ನನ್ನ ಅಡಿಗೆಮನೆಗೇ ಬಂದಿತ್ತು. ಡಾಕ್ಟರು ವಾರವಾರ ಹೊಸದಾಗಿ ಎಳೆಯುತ್ತಿದ್ದ ಗೆರೆ ನಾಲ್ಕು ಬೆರಳಿನಿಂದ ಮೂರಕ್ಕೆ ಏರಿದ ದಿನ ಹಂಪಿಯ ದಿಕ್ಕಿಗೆ ತಿರುಗಿ ವಿರೂಪಾಕ್ಷನಿಗೆ ಕೈಮುಗಿದೆ. ಆದರೆ ಇವರು ಗುಣವಾದರೆ ಮತ್ತೆ ಗರಡಿಗೇ ಹೋಗುವವರು ಎಂಬುದೂ ಅದೇ ಗಳಿಗೆಗೆ ನೆನಪಾಗಿ ಸಂಕಟವಾಯಿತು.

ಜ್ವರ ನಿಂತು ಮೈಯಲ್ಲಿ ಕಸುವು ಬಂದಾಗಲೇ ನಿಜವಾದ ಕಷ್ಟ ಶುರುವಾಯಿತು. ಒಂದು ಬೆಳಿಗ್ಗೆ ಕೊಡ ಹೊತ್ತು ಬರುತ್ತಿದ್ದೆ. ಗರಡಿಯ ಹಿಂದಿನ ಗೋಡೆಗೆ ಯಾರೋ ಒರಗಿದ್ದರು. ಕಣ್ಣು ಮುಚ್ಚಿದ್ದರು. ಒಂದು ಕೈ ಎಡಪಕ್ಕೆಯ ಮೇಲಿತ್ತು. ಒಳಗೆ ಯಾರೋ ತೊಡೆ ತಟ್ಟಿದಾಗ ಇವರ ಇನ್ನೊಂದು ಕೈ ತಾನಾಗಿ ತೊಡೆಗೆ ಹೋಗಿ, ಸದ್ದು ಮಾಡದೆ ನಿಂತಿತು.

ನಾನು ನಿಲ್ಲುತ್ತಿದ್ದ ಜಾಗವೇ ಅದು.

ಕರೆಯಲು ಮನಸ್ಸು ಬರಲಿಲ್ಲ. ಬೇರೆ ದಾರಿ ಹಿಡಿದು ಮನೆಗೆ ಬಂದೆ. ಆಮೇಲೆ ನಾನು ಗರಡಿಯನ್ನು ಬೈದಿಲ್ಲ.

ಕುಸ್ತಿಯ ದಿನ ಬಂದೇಬಂತು. ಗೆರೆ ಇನ್ನೂ ಎರಡು ಬೆರಳು ಕೆಳಗಿತ್ತು. ಹೊಸಪೇಟೆಯ ಪೈಲ್ವಾನ ಹೆಂಡತಿಯ ಸೆರಗಿನಲ್ಲಿ ಅಡಗಿದ್ದಾನೆ ಎಂದು ಕಂಪ್ಲಿಯವರು ಆಡಿಕೊಂಡದ್ದು ಇವರ ಕಿವಿಗೆ ಬಿತ್ತು. ನನ್ನ ತವರಿನವರ ಬಾಯಿಗೆ ಬೆಂಕಿ ಬೀಳಲಿ. ಇವರು ಲಂಗೋಟಿ ತೆಗೆದುಕೊಂಡು ಬಾಗಿಲಿಗೆ ಬಂದರು.

"ದಾರಿ ಬಿಡು ಗೌರಿ."

"ಹೋಗ್ರಿ. ನಾ ಬ್ಯಾಡ ಅನ್ನಂಗಿಲ್ಲ. ನನ್ನ ಕೈ ಸರಿಸಿ ಹೋಗ್ರಿ" ಎಂದು ಆ ಗೆರೆಯ ಮೇಲೆ ಅಂಗೈ ಇಟ್ಟೆ.

ಉಸಿರಿನ ಜೊತೆ ಅದು ನನ್ನ ಕೈಕೆಳಗೆ ಇಳಿಯುತ್ತಿತ್ತು, ಏರುತ್ತಿತ್ತು. ಕೋಣದಂಥ ಆಳುಗಳನ್ನು ಎತ್ತಿ ಒಗೆದವರಿಗೆ ನನ್ನ ಕೈ ಯಾವ ಲೆಕ್ಕ? ಇವರು ಸರಿಸಲಿಲ್ಲ. ಹೊರಗೆ ಕುಸ್ತಿಯ ಕಣದಿಂದ ಹಲಗೆ ಬಾರಿಸುವ ಸದ್ದು ಕೇಳುತ್ತಿತ್ತು. ಅದು ನಿಲ್ಲುವವರೆಗೂ ಹಾಗೇ ನಿಂತಿದ್ದೆವು. ಇವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಕಳೆದ ವಾರ ಡಾಕ್ಟರ ಬೆರಳು ಬಹಳ ಹೊತ್ತು ಹುಡುಕಿತು. ಸ್ಪ್ಲೀನ್ ಸಿಗಲಿಲ್ಲ. ಅದು ತನ್ನ ಮನೆ ಸೇರಿಕೊಂಡಿತ್ತು. ಡಾಕ್ಟರು ಪೆನ್ಸಿಲ್ ತೆಗೆಯಲೇ ಇಲ್ಲ.

"ಇನ್ನು ಕುಸ್ತಿ...?" ಎಂದರು ನಮ್ಮವರು.

"ಹೊಲದ ಕೆಲಸ ಮಾಡಿ. ನಡೆಯಿರಿ, ಉಣ್ಣಿರಿ. ಕುಸ್ತಿ ಬೇಡ. ಈ ಊರಿನಲ್ಲಿ ಜ್ವರ ಮತ್ತೆ ಬರುತ್ತದೆ, ಇದೂ ಮತ್ತೆ ಹೊರಬರುತ್ತದೆ. ನಿಮಗೆ ತಿಳಿಯುವ ಮೊದಲೇ ಪೆಟ್ಟು ಬಿದ್ದಿರುತ್ತದೆ."

ಮನೆಗೆ ಬಂದು ಸೀಗೆಪುಡಿ ಹಚ್ಚಿ ಕೊನೆಯ ಗೆರೆಯನ್ನು ನಾನೇ ತಿಕ್ಕಿ ತೆಗೆದೆ.

ಮರುದಿನ ಗರಡಿಗೆ ಹೋಗುವ ಹೊತ್ತಿಗೆ ಎದ್ದು ಕೂತರು. ಮೊದಲಿನಂತೆ. ನಾನು ಒಗೆದಿಟ್ಟ ಲಂಗೋಟಿಯನ್ನೂ ಒಂದು ಹೊಸ ಪಂಚೆಯನ್ನೂ ತಂದು ಎದುರಿಗೆ ಹಿಡಿದೆ. ಯಾವುದನ್ನು ತೆಗೆದುಕೊಂಡರೂ ಈ ಸಲ ಬಾಗಿಲಿಗೆ ಅಡ್ಡ ನಿಲ್ಲಬಾರದು ಎಂದುಕೊಂಡಿದ್ದೆ. ಲಂಗೋಟಿಯನ್ನು ಒಮ್ಮೆ ಸವರಿದರು.

"ಅದನ್ನ ಒಳಗಿಡು. ಪಂಚಿ ಕೊಡು. ಕಣದ ದಂಡಿಗೆ ಕುಂತು ಹೊಸಬರಿಗೆ ಪಟ್ಟು ಹೇಳಿಕೊಟ್ಟು ಬರ್ತೀನಿ."

ಇವರು ಹೋದ ಮೇಲೆ ಲಂಗೋಟಿ ಹಿಡಿದುಕೊಂಡು ಅತ್ತುಬಿಟ್ಟೆ. ನನ್ನ ಗಂಡ ನನಗೆ ಸಿಕ್ಕಿದ್ದರು, ಜೀವ ಉಳಿದಿತ್ತು, ದೇವರು ದೊಡ್ಡವನು. ಆದರೂ ಅಳು ನಿಲ್ಲಲಿಲ್ಲ.

ಬಿಸಿಲೇರುವ ಹೊತ್ತಿಗೆ ಬಂದರು. ರೊಟ್ಟಿ ತಿಂದು ತೋಟಕ್ಕೆ ಹೋದರು. ಬಿಟ್ಟುಹೋದ ಪಂಚೆಯನ್ನು ಒಗೆಯಲು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದೆ. ಪೂರಾ ಬಿಳಿ. ಎರಡು ಸಲ ತಿರುವಿ ಹುಡುಕಿದೆ. ಕೆಳಗಿನ ಅಂಚಿನಲ್ಲಿ, ಕೂತಾಗ ನೆಲಕ್ಕೆ ತಾಗಿರಬೇಕು, ಬೆರಳಗಲದಷ್ಟು ಕೆಂಪು ಹತ್ತಿತ್ತು.

ಆ ಪಂಚೆಯನ್ನು ಇನ್ನೂ ಒಗೆದಿಲ್ಲ.